ಹರಿಕೇನ್ ಸೀಸನ್‌ಗೆ ಮನೆ ಸಜ್ಜು: ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಮೇ ತಿಂಗಳು ಮುಗಿಯುತ್ತಾ ಬಂದ ಹಾಗೆ ಫ್ಲಾರಿಡಾ ಮತ್ತು ಟೆಕ್ಸಸ್ ಕರಾವಳಿಯ ಕನ್ನಡದ ಮನೆಗಳಲ್ಲಿ ಅದೇ ಮಾತು ಶುರುವಾಗುತ್ತದೆ. ಜನರೇಟರ್ ತಗೊಳ್ಳೋದಾ, ಬ್ಯಾಟರಿ ಪವರ್ ಸ್ಟೇಶನ್ ಸಾಕಾ? ಕಿಟಕಿಗೆ ಪ್ಲೈವುಡ್ ಹೊಡೆಯೋದಾ, ಒಂದೇ ಸಲ ಗಟ್ಟಿ ಗಾಜು ಹಾಕಿಸಿಬಿಡೋದಾ? ಊರು ಬಿಡೋದಾ, ಮನೆಯಲ್ಲೇ ಇರೋದಾ?

ಅಟ್ಲಾಂಟಿಕ್ ಸಾಗರದ ಹರಿಕೇನ್ (ಚಂಡಮಾರುತ) ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ ಎರಡನೇ ವಾರದ ಹೊತ್ತಿಗೆ ಅದರ ಜೋರು ಎಲ್ಲಕ್ಕಿಂತ ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿರುವುದೂ ಎಷ್ಟೋ ಮನೆಗಳಲ್ಲಿ ಇದೇ ತಿಂಗಳುಗಳಲ್ಲಿ. ಹಾಗಾಗಿ ತೀರ್ಮಾನ ಗಂಡ ಹೆಂಡತಿ ಇಬ್ಬರ ಮಟ್ಟಿಗೆ ಮುಗಿಯುವುದಿಲ್ಲ.

ಈ ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ಎಲ್ಲಕ್ಕೂ ಮುಂಚೆ ಒಂದು ಪ್ರಶ್ನೆ ಇದೆ: ನಿಮ್ಮ ಮನೆಗೆ ಭಯ ನೀರಿನದೋ, ಗಾಳಿಯದೋ? ಇದು ಗೊತ್ತಾದರೆ ಉಳಿದ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಅಳೆಯುವುದು ಹೇಗೆ

ಟಿವಿಯಲ್ಲಿ ಹೇಳುವ ಕ್ಯಾಟಗರಿ 1, 2, 3 ಅನ್ನುವುದು ಗಾಳಿಯ ವೇಗದ ಲೆಕ್ಕ ಮಾತ್ರ. ನೀರಿನ ಬಗ್ಗೆ ಅದು ಏನೂ ಹೇಳುವುದಿಲ್ಲ. 2017ರ ಹಾರ್ವಿ ಹರಿಕೇನ್ ಹ್ಯೂಸ್ಟನ್ನಿಗೆ ಮಾಡಿದ ಹಾನಿ ಬಹುಪಾಲು ದಿನಗಟ್ಟಲೆ ಸುರಿದ ಮಳೆಯದು. 2024ರ ಹೆಲೀನ್ ಟ್ಯಾಂಪಾ ಬೇಯಿಂದ ನೂರು ಮೈಲಿಗೂ ದೂರದಲ್ಲಿ ಸಮುದ್ರದ ಮೇಲೆ ಹಾದುಹೋಯಿತು. ಆದರೂ ಉಕ್ಕಿದ ಸಮುದ್ರ ಅಲ್ಲಿನ ಮನೆಗಳೊಳಗೆ ಬಂತು. ಅದೇ ವರ್ಷದ ಜುಲೈನಲ್ಲಿ ಬಂದ ಬೆರಿಲ್ ಬರೀ ಕ್ಯಾಟಗರಿ 1. ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಕೆಲವರಿಗೆ ವಾರ ಕಳೆದರೂ ಬರಲಿಲ್ಲ, ಅದೂ ಉರಿಬಿಸಿಲಿನಲ್ಲಿ.

ಆದ್ದರಿಂದ ಮೊದಲು ನಿಮ್ಮ ವಿಳಾಸ ಹಾಕಿ ಎರಡು ಮ್ಯಾಪ್ ನೋಡಿ. ಒಂದು, ಕೌಂಟಿಯ (ಅಲ್ಲಿನ ಜಿಲ್ಲೆಯ) ಇವ್ಯಾಕ್ಯುಯೇಶನ್ ಝೋನ್. ಫ್ಲಾರಿಡಾದಲ್ಲಿ ಎ, ಬಿ, ಸಿ ಎಂದು ಅಕ್ಷರದ ಲೆಕ್ಕ, ಎ ಅಂದರೆ ಮೊದಲು ಹೊರಡಬೇಕಾದವರು. ಹ್ಯೂಸ್ಟನ್, ಗ್ಯಾಲ್ವೆಸ್ಟನ್ ಕಡೆ ಪಿನ್‌ಕೋಡ್ ಪ್ರಕಾರ ವಿಂಗಡಿಸಿದ್ದಾರೆ. ಇನ್ನೊಂದು, ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾದ ಫ್ಲಡ್ ಮ್ಯಾಪ್. ಇವೆರಡೂ ಒಂದೇ ಎಂದು ತುಂಬಾ ಜನ ತಿಳಿದಿದ್ದಾರೆ, ಅಲ್ವಾ? ಬೇರೆ ಬೇರೆ. ಮೊದಲನೆಯದು ಉಕ್ಕುವ ಸಮುದ್ರದಿಂದ ಜೀವ ಉಳಿಸಿಕೊಳ್ಳಲು ಯಾರು ಹೊರಡಬೇಕು ಅನ್ನುವುದಕ್ಕೆ. ಎರಡನೆಯದು ವಿಮೆ ಮತ್ತು ಸಾಲದ ಲೆಕ್ಕಕ್ಕೆ. ಒಂದರಲ್ಲಿ ನೀವು ಹೊರಗಿದ್ದು ಇನ್ನೊಂದರಲ್ಲಿ ಒಳಗಿರಬಹುದು.

ಉಳಿದ ಅಳತೆಗಳು ಇವು. ಕರೆಂಟ್ ಇಲ್ಲದೆ ನಿಮ್ಮ ಮನೆಯವರು ಎಷ್ಟು ದಿನ ತಡೆದಾರು? ಇನ್ಸುಲಿನ್, ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಯಂತ್ರ), ಆಕ್ಸಿಜನ್ ಯಂತ್ರ ಬಳಸುವವರು, ಕೈಗೂಸು ಇದ್ದಾರಾ? ಮನೆ ಸ್ವಂತದ್ದಾ, ಬಾಡಿಗೆಯದಾ? ಇನ್ನೆಷ್ಟು ವರ್ಷ ಅಲ್ಲೇ ಇರುತ್ತೀರಿ? ದುಡ್ಡಿನ ಪ್ರಶ್ನೆ ಇಷ್ಟೆಲ್ಲ ಆದ ಮೇಲೆ.

ಇರೋದಾ, ಹೊರಡೋದಾ

ಅಲ್ಲಿನ ಅಧಿಕಾರಿಗಳು ಪ್ರತಿ ವರ್ಷ ಹೇಳುವ ಒಂದು ಮಾತಿದೆ: ನೀರು ಬಂದರೆ ಓಡಿ, ಗಾಳಿ ಬಂದರೆ ಅವಿತುಕೊಳ್ಳಿ. ಇದಕ್ಕಿಂತ ಒಳ್ಳೆಯ ಸೂತ್ರ ನಾನು ಕಂಡಿಲ್ಲ.

ನೀವು ಎ ಅಥವಾ ಬಿ ಝೋನಿನಲ್ಲಿದ್ದು ಹೊರಡಿ ಎಂದು ಹೇಳಿದರೆ ಅಲ್ಲಿ ಆಯ್ಕೆಯೇ ಇಲ್ಲ. ಮನೆ ಎಷ್ಟೇ ಗಟ್ಟಿ ಇರಲಿ, ಹೊರಡಬೇಕು. 2022ರಲ್ಲಿ ಇಯಾನ್ ಬಂದಾಗ ಫೋರ್ಟ್ ಮೈಯರ್ಸ್ ಬೀಚಿನಲ್ಲಿ 10 ಅಡಿಗೂ ಮೇಲೆ ನೀರು ಏರಿತ್ತು. ಅಷ್ಟು ನೀರಿನ ಮುಂದೆ ಶಟರ್, ಜನರೇಟರ್ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ಆದರೆ ಯಾವ ಝೋನಿನಲ್ಲೂ ಇಲ್ಲದವರು ಹೆದರಿ ಹೊರಟುಬಿಡುವುದೂ ಸರಿಯಲ್ಲ. 2005ರಲ್ಲಿ ರೀಟಾ ಬರುತ್ತದೆ ಎಂದು ಹ್ಯೂಸ್ಟನ್ನಿನಿಂದ ಲಕ್ಷಗಟ್ಟಲೆ ಜನ ಒಟ್ಟಿಗೇ ರಸ್ತೆಗೆ ಇಳಿದರು. ಕಾರುಗಳು ಗಂಟೆಗಟ್ಟಲೆ ನಿಂತಲ್ಲೇ ನಿಂತವು. ಬಿಸಿಲಿಗೆ, ಅಪಘಾತಕ್ಕೆ, ಬಸ್ಸಿಗೆ ಹತ್ತಿದ ಬೆಂಕಿಗೆ ಹಲವಾರು ಜನ ಸತ್ತರು. ಟೆಕ್ಸಸ್ಸಿನಲ್ಲಿ ಬಿರುಗಾಳಿಗಿಂತ ಈ ಓಟಕ್ಕೇ ಬಲಿಯಾದವರು ಜಾಸ್ತಿ.

ಹೋಗುವುದಾದರೆ ಎಲ್ಲಿಗೆ? ನಾಲ್ಕು ದಾರಿ ಇವೆ. ನನ್ನ ಮೊದಲ ಆಯ್ಕೆ ಒಳನಾಡಿನಲ್ಲಿರುವ ಸ್ನೇಹಿತರ ಮನೆ. ನೂರಾರು ಮೈಲಿ ಹೋಗಬೇಕಿಲ್ಲ, ನೀರು ಬರದ ಕಡೆಗೆ ಹತ್ತಾರು ಮೈಲಿ ಸಾಕು. ಖರ್ಚಿಲ್ಲ, ಅಡುಗೆ ಮನೆ ಇರುತ್ತದೆ, ಅಪ್ಪ ಅಮ್ಮನಿಗೆ ಭಾಷೆಯ ಜನ ಸಿಗುತ್ತಾರೆ. ಇದನ್ನು ಮೇ ತಿಂಗಳಲ್ಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ. "ಬಂದ್ರೆ ಬರ್ತೀವಿ" ಅನ್ನುವ ಸಂಕೋಚದ ಮಾತು ಸಾಲದು. ಎಷ್ಟು ಜನ, ಎಷ್ಟು ದಿನ, ಯಾರ ಮನೆಯಲ್ಲಿ ಯಾವ ರೂಮು ಎಂದು ಖಚಿತವಾಗಿರಲಿ. ಕನ್ನಡ ಸಂಘಗಳು ಇಂಥ ಜೋಡಿ ಮನೆಗಳ ಪಟ್ಟಿ ಮಾಡಿಟ್ಟರೆ ಎಷ್ಟೋ ಕುಟುಂಬಗಳಿಗೆ ಉಪಕಾರ.

ಹೋಟೆಲ್ ಎರಡನೆಯದು. ಬೇಗ ತುಂಬಿಹೋಗುತ್ತದೆ. ರದ್ದು ಮಾಡಿದರೆ ಹಣ ವಾಪಸ್ ಬರುವ ಬುಕಿಂಗನ್ನು ಬಿರುಗಾಳಿ ಇನ್ನೂ ದೂರವಿರುವಾಗಲೇ ಮಾಡಿಡಿ. ಕರಾವಳಿಯ ಉದ್ದಕ್ಕೆ ಓಡಬೇಡಿ, ಒಳಗಡೆಗೆ ಹೋಗಿ. ಇಯಾನ್ ಮೊದಲು ಟ್ಯಾಂಪಾ ಕಡೆಗೆ ಎಂಬ ಅಂದಾಜಿತ್ತು, ಆಮೇಲೆ ದಕ್ಷಿಣಕ್ಕೆ ಹೊರಳಿ ಫೋರ್ಟ್ ಮೈಯರ್ಸ್ ಹತ್ತಿರ ದಡಕ್ಕೆ ಬಂತು. ಟ್ಯಾಂಪಾದಿಂದ ದಕ್ಷಿಣಕ್ಕೆ ಹೋದವರು ಅದರ ಬಾಯಿಗೇ ಹೋದ ಹಾಗಾಯಿತು.

ಮೂರನೆಯದು ಕೌಂಟಿ ಶೆಲ್ಟರ್. ಸಾಮಾನ್ಯವಾಗಿ ಶಾಲೆಯ ಕಟ್ಟಡ. ದುಡ್ಡು ಬೇಡ, ಜೀವಕ್ಕೆ ಭದ್ರ. ಸೌಕರ್ಯ ಕಡಿಮೆ. ಹಾಸಿಗೆ, ಹೊದಿಕೆ ನೀವೇ ಒಯ್ಯಬೇಕು. ಸಸ್ಯಾಹಾರಿಗಳು ತಮ್ಮ ಊಟವನ್ನೂ ಒಯ್ಯುವುದು ಒಳ್ಳೆಯದು. ವೈದ್ಯಕೀಯ ಯಂತ್ರ ಬೇಕಾದವರಿಗೆ ಫ್ಲಾರಿಡಾದ ಕೌಂಟಿಗಳಲ್ಲಿ ಬೇರೆಯೇ ಶೆಲ್ಟರ್ ಇರುತ್ತದೆ. ಅದಕ್ಕೆ ಮುಂಚೆಯೇ ಹೆಸರು ನೋಂದಾಯಿಸಬೇಕು. ಟೆಕ್ಸಸ್‌ನಲ್ಲಿ 211ಕ್ಕೆ ಫೋನ್ ಮಾಡಿ ಇಂಥವರ ಹೆಸರು ಬರೆಸಬಹುದು.

ನಾಲ್ಕನೆಯದು ಮನೆಯಲ್ಲೇ ಉಳಿಯುವುದು. ಝೋನಿನ ಹೊರಗಿದ್ದು, ಮನೆ 2002ರ ನಂತರ ಫ್ಲಾರಿಡಾದಲ್ಲಿ ಕಟ್ಟಿದ್ದಾದರೆ ಇದೇ ಸರಿ. 1992ರ ಆಂಡ್ರೂ ಮಾಡಿದ ಅನಾಹುತದ ನಂತರ ರೂಪುಗೊಂಡ ಬಿಗಿಯಾದ ಕಟ್ಟಡ ನಿಯಮ 2002ರಲ್ಲಿ ಇಡೀ ರಾಜ್ಯಕ್ಕೆ ಬಂತು. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಹಗುರ ಮನೆಯಲ್ಲಿ) ಇರುವವರು ಮಾತ್ರ ಎಲ್ಲಿದ್ದರೂ ಹೊರಡಲೇಬೇಕು.

ನೀರಿನ ವಿಮೆ: ಇದು ಮೊದಲ ಖರ್ಚು

ಸಾಮಾನ್ಯ ಮನೆ ವಿಮೆ ಪ್ರವಾಹದ ನೀರಿಗೆ ದುಡ್ಡು ಕೊಡುವುದಿಲ್ಲ. ಗಾಳಿಗೆ ಚಾವಣಿ ಹಾರಿ ಮಳೆ ಒಳಗೆ ಬಂದರೆ ಒಂದು ಲೆಕ್ಕ, ನೆಲದಿಂದ ನೀರು ನುಗ್ಗಿದರೆ ಇನ್ನೊಂದು ಲೆಕ್ಕ. ಸರ್ಕಾರದ ಫ್ಲಡ್ ವಿಮೆ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್‌ವರೆಗೆ ಸಿಗುತ್ತದೆ. ಎರಡನ್ನೂ ಬೇರೆ ಬೇರೆ ಕೇಳಿ ತಗೊಳ್ಳಬೇಕು. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಮುಖ್ಯವಾದ ಸಂಗತಿ, ಹೊಸ ಪಾಲಿಸಿ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಓಡಿದರೆ ಉಪಯೋಗವಿಲ್ಲ.

"ನಮ್ಮದು ಫ್ಲಡ್ ಝೋನ್ ಅಲ್ಲ, ಬ್ಯಾಂಕೂ ಕೇಳಿಲ್ಲ" ಎನ್ನುವವರಿಗೆ ಹಾರ್ವಿಯನ್ನು ನೆನಪಿಸಬೇಕು. ಆಗ ಮುಳುಗಿದ ಎಷ್ಟೋ ಮನೆಗಳು ಮ್ಯಾಪಿನ ಅಪಾಯದ ಗೆರೆಯಿಂದ ಹೊರಗಿದ್ದವು. ಹ್ಯೂಸ್ಟನ್ ಪಕ್ಕದ ಕೇಟಿ ಕಡೆ ಬಾರ್ಕರ್ ಜಲಾಶಯದ ಹಿಂಭಾಗದ ಬಡಾವಣೆಗಳಿಗೆ ನೀರು ಬಂದದ್ದು ಜಲಾಶಯ ತುಂಬಿ ಹಿಮ್ಮುಖವಾಗಿ ಹರಡಿದಾಗ. ಅಪಾಯ ಕಡಿಮೆ ಇರುವ ಜಾಗದಲ್ಲಿ ಪ್ರೀಮಿಯಮ್ಮೂ ಸಾಮಾನ್ಯವಾಗಿ ಕಡಿಮೆ. ಈ ಪಾಲಿಸಿ ಇಲ್ಲದ ಮನೆಗೆ ದೊಡ್ಡ ಜನರೇಟರ್ ತರುವುದನ್ನು ನಾನು ಒಪ್ಪುವುದಿಲ್ಲ.

ಇರುವ ಮನೆ ವಿಮೆಯ ಕಾಗದವನ್ನೂ ಒಮ್ಮೆ ತೆಗೆದು ಓದಿ. ಹರಿಕೇನ್ ಡಿಡಕ್ಟಿಬಲ್ ಸಾಮಾನ್ಯವಾಗಿ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಮನೆಗೆ 5,00,000 ಡಾಲರ್ ವಿಮೆ ಇದ್ದು ಡಿಡಕ್ಟಿಬಲ್ ಶೇ. 2 ಆದರೆ ಮೊದಲ 10,000 ಡಾಲರ್ ನಿಮ್ಮ ಜೇಬಿನಿಂದಲೇ ಹೋಗಬೇಕು. ಅಷ್ಟು ಹಣ ಕೈಗೆಟಕುವ ಹಾಗೆ ಬ್ಯಾಂಕಿನಲ್ಲಿ ಇರಲಿ.

ಕಿಟಕಿ, ಬಾಗಿಲು

ಮಲೆನಾಡು, ಕರಾವಳಿಯಿಂದ ಬಂದ ಅಪ್ಪ ಅಮ್ಮ "ಇಂಥ ಮಳೆ ನಾವು ಎಷ್ಟು ನೋಡಿಲ್ಲ" ಎನ್ನುತ್ತಾರೆ. ಮಳೆ ನೋಡಿದ್ದಾರೆ, ನಿಜ. ಆದರೆ ಊರಿನ ಆರ್‌ಸಿಸಿ ಮನೆಗೂ ಇಲ್ಲಿನ ಮನೆಗೂ ವ್ಯತ್ಯಾಸವಿದೆ. ಇಲ್ಲಿ ಗೋಡೆ ಇಟ್ಟಿಗೆಯಂತೆ ಕಂಡರೂ ಚಾವಣಿ ಮರದ್ದು. ಒಂದು ದೊಡ್ಡ ಕಿಟಕಿ ಒಡೆದು ಗಾಳಿ ಒಳಗೆ ನುಗ್ಗಿದರೆ ಅದು ಚಾವಣಿಯನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಕಿಟಕಿ ಕಾಯುವುದು ಅಂದರೆ ಚಾವಣಿ ಕಾಯುವುದೇ. ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಪ್ರಯೋಜನವಿಲ್ಲ, ಚೂರುಗಳು ದೊಡ್ಡದಾಗಿ ಬೀಳುತ್ತವೆ ಅಷ್ಟೇ.

ಪ್ಲೈವುಡ್ ಎಲ್ಲಕ್ಕಿಂತ ಅಗ್ಗ. 5/8 ಇಂಚು ದಪ್ಪದ್ದು ತಗೊಳ್ಳಿ. ಆದರೆ ಕೆಲಸದ ಕಷ್ಟ ಗೊತ್ತಿರಲಿ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಹಾಳೆ ಇಪ್ಪತ್ತೈದು ಕಿಲೋ ಹತ್ತಿರ ಬರುತ್ತದೆ. ಸೆಪ್ಟೆಂಬರ್ ಬಿಸಿಲಲ್ಲಿ ಒಬ್ಬರು ಏಣಿ ಹಿಡಿದು, ಇನ್ನೊಬ್ಬರು ಹಾಳೆ ಎತ್ತಿ, ಮೂರನೆಯವರು ಡ್ರಿಲ್ ಹಿಡಿಯಬೇಕು. ಅಷ್ಟರಲ್ಲಿ ಮೊದಲ ಗಾಳಿ ಶುರುವಾಗಿದ್ದರೆ ಅದು ಹಾಳೆಯನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಎರಡನೇ ಮಹಡಿಯ ಕಿಟಕಿಗಂತೂ ಇದು ಮನೆಯವರು ಮಾಡುವ ಕೆಲಸವೇ ಅಲ್ಲ. ಪ್ಲೈವುಡ್ಡೇ ಎಂದು ತೀರ್ಮಾನಿಸಿದರೆ ಜೂನ್‌ನಲ್ಲೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಪ್ರತಿ ಹಾಳೆಯ ಮೇಲೆ "ಅಡುಗೆ ಮನೆ ಎಡ", "ಹಾಲ್ ಬಲ" ಎಂದು ಮಾರ್ಕರಿನಲ್ಲಿ ಬರೆದು ಗ್ಯಾರೇಜಿನಲ್ಲಿ ನಿಲ್ಲಿಸಿ.

ಲೋಹದ ಪ್ಯಾನೆಲ್ ಅದಕ್ಕಿಂತ ದುಬಾರಿ, ಹಗುರ, ಗಟ್ಟಿ, ವರ್ಷಗಟ್ಟಲೆ ಬರುತ್ತದೆ. ಒಂದೇ ಮಹಡಿಯ ಸ್ವಂತ ಮನೆಗೆ, ಮಧ್ಯಮ ಬಜೆಟ್ಟಿಗೆ ನನ್ನ ಮತ ಇದಕ್ಕೇ. ಎಳೆದು ಮುಚ್ಚುವ ಅಕಾರ್ಡಿಯನ್ ಶಟರ್ ಇನ್ನೂ ದುಬಾರಿ, ಆದರೆ ಒಬ್ಬರೇ ಇಡೀ ಮನೆ ಮುಚ್ಚಿಬಿಡಬಹುದು. ಮನೆಯವರು ಕೆಲಸದ ಮೇಲೆ ಊರೂರು ತಿರುಗುವವರಾಗಿದ್ದರೆ, ಅಥವಾ ವಯಸ್ಸಾದವರೇ ಇರುವ ಮನೆಯಾದರೆ ಆ ದುಡ್ಡು ದಂಡವಲ್ಲ. ಇಂಪ್ಯಾಕ್ಟ್ ಗ್ಲಾಸ್ (ಹೊಡೆತ ತಡೆಯುವ ಗಟ್ಟಿ ಗಾಜು) ಹಾಕಿಸಿದರೆ ಏನೂ ಮುಚ್ಚುವ ಕೆಲಸವಿಲ್ಲ, ಮನೆ ಕತ್ತಲಾಗುವುದಿಲ್ಲ, ಕಳ್ಳರಿಗೂ ತಡೆ. ಇಡೀ ಮನೆಗೆ ಹತ್ತಾರು ಸಾವಿರ ಡಾಲರ್ ಆಗಬಹುದು. ಹತ್ತು ಹದಿನೈದು ವರ್ಷ ಅಲ್ಲೇ ಇರುವವರಿಗೆ ಮಾತ್ರ ಲೆಕ್ಕ ಹೊಂದುತ್ತದೆ.

ಫ್ಲಾರಿಡಾದಲ್ಲಿ ಇಂಥ ಕೆಲಸ ಮಾಡಿಸಿದ ಮನೆಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಬೇಕು. ಅಲ್ಲಿನ ಸರ್ಕಾರದ "ಮೈ ಸೇಫ್ ಫ್ಲಾರಿಡಾ ಹೋಮ್" ಯೋಜನೆಯಲ್ಲಿ ತಪಾಸಣೆ ಉಚಿತ, ಅರ್ಹರಿಗೆ ಸಹಾಯಧನವೂ ಇದೆ. ಹಣ ಬೇಗ ಖಾಲಿಯಾಗುತ್ತದೆ, ಕಣ್ಣಿಟ್ಟಿರಿ.

ಎಲ್ಲಾ ಕಿಟಕಿಗೂ ದುಡ್ಡಿಲ್ಲದಿದ್ದರೆ ಗ್ಯಾರೇಜ್ ಬಾಗಿಲಿನಿಂದ ಶುರು ಮಾಡಿ. ಮನೆಯಲ್ಲಿ ಅತಿ ದೊಡ್ಡ ಬಾಗಿಲು ಅದೇ, ಹಳೆಯದಾದರೆ ಅತಿ ದುರ್ಬಲವೂ ಅದೇ.

ಕರೆಂಟ್

ಇಲ್ಲಿ ಜನ ಹೆಚ್ಚು ಎಡವುತ್ತಾರೆ. ಅಂಗಡಿಯಲ್ಲಿ ದೊಡ್ಡ ಅಂಕಿ ನೋಡಿ ತಂದುಬಿಡುತ್ತಾರೆ. ನಮಗೆ ಗೊತ್ತಿರುವ ಯೂನಿಟ್ ಲೆಕ್ಕದಲ್ಲೇ ನೋಡೋಣ. ಫ್ರಿಜ್ಜಿಗೆ ದಿನಕ್ಕೆ ಒಂದರಿಂದ ಎರಡು ಯೂನಿಟ್ ಬೇಕು. ಫ್ಯಾನು, ಫೋನು, ಸಿಪ್ಯಾಪ್ ಎಲ್ಲಾ ಸೇರಿ ಒಂದು ರಾತ್ರಿಗೆ ಮುಕ್ಕಾಲು ಯೂನಿಟ್ ಆದರೆ ಹೆಚ್ಚು. ಇಡೀ ಮನೆಯ ಎಸಿ ಗಂಟೆಗೆ ಮೂರು ಯೂನಿಟ್ ತಿನ್ನಬಹುದು. ಹಾಗಾಗಿ ಅಸಲು ಪ್ರಶ್ನೆ: ಇಡೀ ಮನೆ ತಂಪಾಗಬೇಕಾ, ಒಂದು ರೂಮು ಸಾಕಾ?

ಒಂದು ಯೂನಿಟ್ಟಿನ ಬ್ಯಾಟರಿ ಪವರ್ ಸ್ಟೇಶನ್ ಸದ್ದು ಮಾಡುವುದಿಲ್ಲ, ಹೊಗೆ ಇಲ್ಲ, ಮಂಚದ ಪಕ್ಕ ಇಟ್ಟುಕೊಳ್ಳಬಹುದು. ಅಪಾರ್ಟ್‌ಮೆಂಟಿನವರಿಗೆ ಇದೊಂದೇ ದಾರಿ. ಬಾಲ್ಕನಿಯಲ್ಲಿ ಪೆಟ್ರೋಲ್ ಜನರೇಟರ್ ಇಡುವ ಯೋಚನೆಯನ್ನೂ ಮಾಡಬೇಡಿ. ಆದರೆ ಫ್ರಿಜ್ ಹಾಕಿದರೆ ಬ್ಯಾಟರಿ ಒಂದು ದಿನದೊಳಗೆ ಮುಗಿಯುತ್ತದೆ. ಮಡಚುವ ಸೋಲಾರ್ ಪ್ಯಾನೆಲ್ ಇದ್ದರೆ ಬಿಸಿಲು ಬಂದ ಮೇಲೆ ಸ್ವಲ್ಪ ಸ್ವಲ್ಪ ತುಂಬಿಕೊಳ್ಳುತ್ತದೆ.

2,000 ವಾಟಿನ ಸಣ್ಣ ಇನ್ವರ್ಟರ್ ಜನರೇಟರ್ ಒಬ್ಬರು ಎತ್ತುವಷ್ಟು ಭಾರ. ಫ್ರಿಜ್, ದೀಪ, ಜೊತೆಗೆ ಒಂದು ಸಣ್ಣ ಕಿಟಕಿ ಎಸಿಯನ್ನು ನಡೆಸುತ್ತದೆ. 5,000 ಬಿಟಿಯುನ (ಇದು ಎಸಿಯ ತಂಪಿನ ಅಳತೆ) ಕಿಟಕಿ ಎಸಿ ಶುರುವಾಗುವ ಕ್ಷಣ ಬಿಟ್ಟರೆ ಸುಮಾರು 500 ವಾಟ್‌ಗಿಂತ ಹೆಚ್ಚು ಕೇಳುವುದಿಲ್ಲ. ರಾತ್ರಿ ಎಲ್ಲರೂ ಒಂದೇ ರೂಮಿನಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದರೆ ಬೆರಿಲ್‌ನಂಥ ಜುಲೈ ವಾರವನ್ನೂ ದಾಟಬಹುದು. ದಿನವಿಡೀ ಓಡಿಸಿದರೆ ಮೂರರಿಂದ ಐದು ಗ್ಯಾಲನ್ ಪೆಟ್ರೋಲ್ ಬೇಕು. ಪೆಟ್ರೋಲ್, ಪ್ರೊಪೇನ್ (ಸಿಲಿಂಡರ್ ಗ್ಯಾಸ್) ಎರಡರಲ್ಲೂ ಓಡುವುದು ಸಿಕ್ಕರೆ ಅದನ್ನೇ ತಗೊಳ್ಳಿ. ಪ್ರೊಪೇನ್ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಸ್ವಂತ ಮನೆಯ ಸಾಮಾನ್ಯ ಕುಟುಂಬಕ್ಕೆ ನನ್ನ ಸಲಹೆ ಇದೇ.

5,000 ವಾಟಿನಿಂದ ಮೇಲಿನ ದೊಡ್ಡ ಜನರೇಟರ್ ವಾಟಿನ ಲೆಕ್ಕದಲ್ಲಿ ಅಗ್ಗ ಅನ್ನಿಸುತ್ತದೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಗ್ಯಾಲನ್ ಎಲ್ಲಿಂದ ತರುತ್ತೀರಿ? ಕರೆಂಟ್ ಇಲ್ಲದಿದ್ದರೆ ಪೆಟ್ರೋಲ್ ಬಂಕಿನ ಪಂಪೂ ನಡೆಯುವುದಿಲ್ಲ. ಇದನ್ನು ಮನೆಯ ವೈರಿಂಗಿಗೆ ಸೇರಿಸಲು ಎಲೆಕ್ಟ್ರಿಷಿಯನ್ ಕೈಯಲ್ಲಿ ಟ್ರಾನ್ಸ್‌ಫರ್ ಸ್ವಿಚ್ (ಲೈನ್ ಕರೆಂಟನ್ನೂ ಜನರೇಟರನ್ನೂ ಬೇರೆ ಇಡುವ ಸ್ವಿಚ್) ಹಾಕಿಸಲೇಬೇಕು. ಗೋಡೆಯ ಪ್ಲಗ್ಗಿಗೆ ನೇರ ಚುಚ್ಚಿದರೆ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮನ್ ಸಾಯಬಹುದು.

ಯಾವ ಜನರೇಟರ್ ಆದರೂ ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆ ಮನೆಯ ಕಡೆ ತಿರುಗಿರಬಾರದು. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಅಲ್ಲಿ ಇಡಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. 2021ರ ಇಡಾ ನಂತರ ಲೂಯಿಸಿಯಾನದಲ್ಲಿ ಬಿರುಗಾಳಿಯಿಂದ ಬದುಕಿ ಉಳಿದವರು ಈ ವಿಷಗಾಳಿಗೆ ಸತ್ತರು. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ತರುವ ತನಕ ಜನರೇಟರಿನ ಡಬ್ಬಿ ಬಿಚ್ಚಬೇಡಿ. ಕ್ಯಾಂಪಿಂಗ್ ಸ್ಟವ್, ಇದ್ದಿಲ ಗ್ರಿಲ್‌ಗೂ ಇದೇ ಮಾತು. ಮನೆಯೊಳಗೆ ಹಚ್ಚಬಾರದು.

ಗೋಡೆಯಾಚೆ ಖಾಯಂ ಆಗಿ ಕೂರಿಸುವ ಸ್ಟ್ಯಾಂಡ್‌ಬೈ ಜನರೇಟರ್ ತಾನಾಗಿಯೇ ಶುರುವಾಗುತ್ತದೆ, ಎಸಿಯನ್ನೂ ನಡೆಸುತ್ತದೆ. ಕೂರಿಸುವ ಖರ್ಚು ಸೇರಿ 10,000 ಡಾಲರ್ ದಾಟುವುದು ಸಾಮಾನ್ಯ. ಹ್ಯೂಸ್ಟನ್ ಮನೆಗಳಿಗೆ ಪೈಪಿನಲ್ಲಿ ಗ್ಯಾಸ್ ಬರುವುದರಿಂದ ಅಲ್ಲಿ ಹೊಂದುತ್ತದೆ. ಫ್ಲಾರಿಡಾದ ಎಷ್ಟೋ ಬಡಾವಣೆಗಳಲ್ಲಿ ಗ್ಯಾಸ್ ಲೈನೇ ಇಲ್ಲ, ಪ್ರೊಪೇನ್ ಟ್ಯಾಂಕ್ ಹೂಳಿಸಬೇಕಾಗುತ್ತದೆ. ಮನೆಯಲ್ಲಿ ಆಕ್ಸಿಜನ್ ಯಂತ್ರದ ಮೇಲೆ ಇರುವವರಿದ್ದರೆ, ದುಡ್ಡೂ ಇದ್ದರೆ, ಯೋಚಿಸಬೇಡಿ, ಹಾಕಿಸಿ. ಚಾವಣಿಯ ಸೋಲಾರ್ ಇರುವವರಿಗೆ ಒಂದು ಮಾತು: ಬ್ಯಾಟರಿ ಇಲ್ಲದಿದ್ದರೆ ಲೈನ್ ಕರೆಂಟ್ ಹೋದೊಡನೆ ಅದೂ ನಿಂತುಹೋಗುತ್ತದೆ.

ಟೆಕ್ಸಸ್‌ನಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಒಂದು ವಾರಾಂತ್ಯ 3,000 ಡಾಲರ್ ಒಳಗಿನ ಜನರೇಟರಿಗೆ ಸೇಲ್ಸ್ ಟ್ಯಾಕ್ಸ್ ಇರುವುದಿಲ್ಲ. ಖರೀದಿಗೆ ಅದು ಒಳ್ಳೆಯ ಹೊತ್ತು.

ಯಾರಿಗೆ ಯಾವುದು

ಅಪಾರ್ಟ್‌ಮೆಂಟಿನ ಬಾಡಿಗೆಯವರು: ನೆಲಮಹಡಿಯಾದರೆ ಸಾಮಾನಿನ ಫ್ಲಡ್ ವಿಮೆ, ಒಂದು ಪವರ್ ಸ್ಟೇಶನ್, ಒಳನಾಡಿನ ಒಂದು ಮನೆಯ ಮಾತು. ಅಷ್ಟೇ ಸಾಕು.

ಕೇಟಿ, ಶುಗರ್‌ಲ್ಯಾಂಡ್ ಕಡೆ ಸ್ವಂತ ಮನೆ, ಅಪ್ಪ ಅಮ್ಮ ಬಂದಿದ್ದಾರೆ: ಸಮುದ್ರ ದೂರ, ಮಳೆ ನೀರು ಹತ್ತಿರ. ಫ್ಲಡ್ ವಿಮೆ, ಸಣ್ಣ ಜನರೇಟರ್, ಕಿಟಕಿ ಎಸಿ. ಕಿಟಕಿಗೆ ದೊಡ್ಡ ದುಡ್ಡು ಬೇಡ.

ಟ್ಯಾಂಪಾ ಬೇಯ ಎ ಝೋನ್: ಜನರೇಟರಿನ ಹಣವನ್ನು ವಿಮೆಗೆ, ಡಿಡಕ್ಟಿಬಲ್‌ಗೆ, ಹೊರಡುವ ಖರ್ಚಿಗೆ ಎತ್ತಿಡಿ. ಎಲೆಕ್ಟ್ರಿಕ್ ಕಾರು ಇದ್ದರೆ ಅದನ್ನು ಬಿಟ್ಟು ಹೋಗಬೇಡಿ. ಉಪ್ಪುನೀರು ಹೊಕ್ಕ ಬ್ಯಾಟರಿ ದಿನಗಳಾದ ಮೇಲೂ ಹೊತ್ತಿಕೊಳ್ಳಬಹುದು.

ಆರ್ಲಾಂಡೊದ ಹೊಸ ಮನೆ, ದೀರ್ಘಕಾಲ ಇರುವವರು: ಮನೆಯಲ್ಲೇ ಉಳಿಯಿರಿ, ಮೊದಲು ಕರೆಂಟಿನ ವ್ಯವಸ್ಥೆ, ವರ್ಷ ವರ್ಷ ಕೂಡಿಸಿ ಆಮೇಲೆ ಕಿಟಕಿ. ಇಯಾನ್ ಮಳೆ ಆರ್ಲಾಂಡೊದಲ್ಲೂ ಮನೆಗಳಿಗೆ ನುಗ್ಗಿತ್ತು, ಹಾಗಾಗಿ ಫ್ಲಡ್ ವಿಮೆ ಬಿಡಬೇಡಿ.

ಇದನ್ನು ಓದುವಾಗಲೇ ಬಿರುಗಾಳಿ ಮೆಕ್ಸಿಕೊ ಕೊಲ್ಲಿಗೆ ಬಂದಿದ್ದರೆ ವಿಮೆಗೂ ಶಟರ್‌ಗೂ ಹೊತ್ತು ಮೀರಿದೆ, ಅದರ ಹಿಂದೆ ಓಡಬೇಡಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್‌ನಂತೆ ಒಂದು ವಾರದ ನೀರು ತುಂಬಿಸಿ. ಕಾರಿಗೆ ಪೆಟ್ರೋಲ್ ಹಾಕಿಸಿ. ಔಷಧಿಯ ರೀಫಿಲ್ ಇವತ್ತೇ ಕೇಳಿ. ತುರ್ತು ಪರಿಸ್ಥಿತಿ ಘೋಷಿಸಿದಾಗ ಫ್ಲಾರಿಡಾದಲ್ಲಿ 30 ದಿನದ್ದನ್ನು ಮುಂಚಿತವಾಗಿ ಪಡೆಯಲು ಅವಕಾಶವಿದೆ. ಅಪ್ಪ ಅಮ್ಮ ಊರಿಂದ ತಂದ ಮಾತ್ರೆಗಳ ಹೆಸರು, ಪ್ರಮಾಣ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಜಿಪ್ ಕವರಿಗೆ ಹಾಕಿ. ಮನೆಯ ಪ್ರತಿ ರೂಮಿನ ವಿಡಿಯೊ ಮಾಡಿಕೊಳ್ಳಿ, ವಿಮೆಯವರು ಕೇಳುತ್ತಾರೆ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕಡಲೆಬೀಜ ಒಂದು ಡಬ್ಬಿಗೆ ತುಂಬಿ. ಫ್ರಿಜ್ ತೆರೆಯದೆ ಇಟ್ಟರೆ ಕರೆಂಟ್ ಹೋದ ಮೇಲೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ ಎರಡು ದಿನ ತಡೆಯುತ್ತದೆ. ಆಮೇಲೆ ನಿಮ್ಮ ಝೋನ್ ನೋಡಿ. ಹೊರಡಿ ಎಂದಿದ್ದರೆ ಬೆಳಕಿರುವಾಗಲೇ ಹೊರಡಿ.